ಒಬ್ಬೊಬ್ಬರನ್ನೇ ಇಳಿಸುತ್ತಾ ಹೋಗುವ ರಾಕೆಟ್

ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ಕಂಪ್ಯೂಟರ್ ಆಟದಲ್ಲಿ ಮೊದಲ ಸಲ ಮೂರು ಸಂಪರ್ಕ ಉಪಗ್ರಹಗಳನ್ನು ಒಂದೇ ರಾಕೆಟ್‌ನಲ್ಲಿ ಕಳಿಸಿದಾಗ ನಾನು ಮೂರನ್ನೂ ಒಟ್ಟಿಗೇ ಬಿಟ್ಟುಬಿಟ್ಟೆ. ಬಿಟ್ಟ ಮೇಲೆ ತಾವಾಗಿಯೇ ದೂರ ದೂರ ಹೋಗುತ್ತವೆ ಅಂದುಕೊಂಡಿದ್ದೆ. ನಕ್ಷೆ ತೆರೆದು ನೋಡಿದರೆ ಮೂರೂ ಒಂದೇ ಚುಕ್ಕಿಯ ಮೇಲೆ ಕೂತಿದ್ದವು. ಒಂದು ಸುತ್ತು ಮುಗಿಯಿತು, ಆಗಲೂ ಹಾಗೇ. ಮೂರು ಉಪಗ್ರಹ ಇದ್ದರೂ ಒಂದು ಇದ್ದಷ್ಟೇ ಪ್ರಯೋಜನ. ಗ್ರಹದ ಇನ್ನೊಂದು ಮಗ್ಗುಲಿಗೆ ಸಿಗ್ನಲ್ ಮುಟ್ಟಲೇ ಇಲ್ಲ.

ಈ ಆಟವನ್ನು ಮಾಡಿದ್ದು ಮೆಕ್ಸಿಕೋದ ಸ್ಕ್ವಾಡ್ ಎಂಬ ಕಂಪನಿ. 2011ರಲ್ಲಿ ಮೊದಲು ಜನರ ಕೈಗೆ ಬಂತು, 2015ರಲ್ಲಿ ಪೂರ್ತಿ ರೂಪ ಪಡೆಯಿತು. ಇದರಲ್ಲಿ ಕೆರ್ಬಿನ್ ಅನ್ನೋ ಪುಟ್ಟ ಗ್ರಹ ಇದೆ. ಅದರ ತ್ರಿಜ್ಯ 600 ಕಿಲೋಮೀಟರ್, ಭೂಮಿಯ ಹತ್ತನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಆದರೆ ನೆಲದ ಮೇಲಿನ ಗುರುತ್ವ ಮಾತ್ರ ನಮ್ಮಲ್ಲಿ ಇರುವಷ್ಟೇ. ಗ್ರಹ ಕಲ್ಪನೆಯದು, ಉಪಗ್ರಹ ಸುತ್ತುವ ಲೆಕ್ಕ ಮಾತ್ರ ಖಗೋಳ ವಿಜ್ಞಾನಿ ಕೆಪ್ಲರ್ ಹೇಳಿದ್ದೇ. ಹಾಗಾಗಿ ಇಲ್ಲಿ ಕಲಿತದ್ದು ಶ್ರೀಹರಿಕೋಟಾದ ಉಡಾವಣೆ ನೋಡುವಾಗಲೂ ಕೆಲಸಕ್ಕೆ ಬರುತ್ತದೆ.

ನನ್ನ ಉಪಗ್ರಹಗಳು ದೂರ ಹೋಗದ ಕಾರಣ ಸುಲಭ. ಒಂದೇ ದಾರಿ, ಒಂದೇ ವೇಗ, ಮತ್ತೆ ಹೇಗೆ ಬೇರೆಯಾಗುತ್ತವೆ? ಒಂದನ್ನು ಮುಂದಕ್ಕೆ ತಳ್ಳಿದರೆ ಆಯ್ತಲ್ವಾ ಅನ್ನಿಸುತ್ತದೆ. ಅಲ್ಲೇ ಪೆಟ್ಟು ಬೀಳುವುದು. ಮುಂದಕ್ಕೆ ತಳ್ಳಿದ ಉಪಗ್ರಹ ಮೇಲಕ್ಕೇರುತ್ತದೆ. ಅದರ ಸುತ್ತು ದೊಡ್ಡದಾಗುತ್ತದೆ, ಸುತ್ತಲು ಹೊತ್ತು ಜಾಸ್ತಿ ಬೇಕಾಗುತ್ತದೆ, ಕೊನೆಗೆ ಅದು ಹಿಂದೆ ಬೀಳುತ್ತದೆ. ಮುಂದೆ ಹೋಗಬೇಕಾದದ್ದು ಬ್ರೇಕ್ ಹಾಕಿ ಕೆಳಗಿಳಿಯಬೇಕು. ರಸ್ತೆಯ ಮೇಲೆ ಕಲಿತ ಬುದ್ಧಿಯನ್ನೆಲ್ಲ ಇಲ್ಲಿ ತಿರುವಿ ಹಾಕಬೇಕು.

ಸರಿಯಾದ ಉಪಾಯ ಗೊತ್ತಾದಾಗ ನನಗೆ ನಿಜಕ್ಕೂ ಖುಷಿಯಾಯಿತು. ಕೆರ್ಬಿನ್‌ನ ದಿನ ಹತ್ತಿರ ಹತ್ತಿರ 6 ಗಂಟೆಯದು. ನೆಲದಿಂದ 2,863 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೂ ಒಂದು ಸುತ್ತಿಗೆ ಅಷ್ಟೇ ಹೊತ್ತು. ಅಂದರೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಆ ವೃತ್ತದ ಮೇಲೆ 120 ಡಿಗ್ರಿಗೆ ಒಂದರಂತೆ ಮೂರು ಉಪಗ್ರಹ ಇಡಬೇಕು. ಹೊತ್ತು ತರುವ ರಾಕೆಟ್ ಅನ್ನು ಆ ವೃತ್ತಕ್ಕೇ ಒಯ್ಯಬಾರದು. ಉದ್ದನೆಯ ಮೊಟ್ಟೆಯಂಥ ಕಕ್ಷೆಯಲ್ಲಿ ಇಡಬೇಕು. ಅದರ ಮೇಲಿನ ತುದಿ 2,863 ಕಿಲೋಮೀಟರ್‌ನಲ್ಲಿ, ಕೆಳಗಿನ ತುದಿ ಸುಮಾರು 1,220 ಕಿಲೋಮೀಟರ್‌ನಲ್ಲಿ. ಹೀಗೆ ಇಟ್ಟರೆ ರಾಕೆಟ್ ಒಂದು ಸುತ್ತು ಮುಗಿಸಲು ಹೆಚ್ಚುಕಡಿಮೆ 4 ಗಂಟೆ ತೆಗೆದುಕೊಳ್ಳುತ್ತದೆ.

ಈಗ ನೋಡಿ. ಮೇಲಿನ ತುದಿಗೆ ಬಂದಾಗ ಮೊದಲನೆಯದನ್ನು ಬಿಡುತ್ತೇವೆ. ಅದು ತನ್ನ ಸಣ್ಣ ಎಂಜಿನ್ ಉರಿಸಿ ಸೆಕೆಂಡಿಗೆ ಸುಮಾರು 171 ಮೀಟರ್ ವೇಗ ಕೂಡಿಸಿಕೊಂಡು ವೃತ್ತಕ್ಕೆ ಸೇರಿಕೊಳ್ಳುತ್ತದೆ. ರಾಕೆಟ್ ಕೆಳಗೆ ಹೋಗಿ 4 ಗಂಟೆ ಬಿಟ್ಟು ಅದೇ ತುದಿಗೆ ಮರಳುತ್ತದೆ. ಅಷ್ಟರಲ್ಲಿ ಮೊದಲ ಉಪಗ್ರಹ ತನ್ನ 6 ಗಂಟೆಯ ಸುತ್ತಿನಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ 240 ಡಿಗ್ರಿ ದಾಟಿರುತ್ತದೆ. ಎರಡನೆಯದನ್ನು ಇಲ್ಲಿ ಬಿಡುತ್ತೇವೆ. ಮತ್ತೆ 4 ಗಂಟೆ. ಮೂರನೆಯದನ್ನು ಬಿಡುವ ಹೊತ್ತಿಗೆ ಮೊದಲನೆಯದು ಒಂದು ಪೂರ್ತಿ ಸುತ್ತು ಮುಗಿಸಿ 120 ಡಿಗ್ರಿಯಲ್ಲಿ, ಎರಡನೆಯದು 240ರಲ್ಲಿ. ಮೂರು ಚುಕ್ಕಿ ಸಮನಾಗಿ ಹಂಚಿಹೋದವು. ಉಪಗ್ರಹಗಳನ್ನು ದೂರ ಮಾಡಿದ್ದು ಯಾವ ತಳ್ಳಾಟವೂ ಅಲ್ಲ, ಸುಮ್ನೆ ಕಾದದ್ದು.

ಇಟ್ಟ ಮೇಲೆ ಅವು ಅಲ್ಲೇ ಉಳಿಯಬೇಕು, ಅದು ಇನ್ನೊಂದು ಸೂಕ್ಷ್ಮ. ಬಹಳ ಜನ ಎತ್ತರವನ್ನು ಮೀಟರ್ ಲೆಕ್ಕದಲ್ಲಿ ಸರಿಮಾಡಲು ಒದ್ದಾಡುತ್ತಾರೆ. ಎತ್ತರ ಸ್ವಲ್ಪ ಆಚೀಚೆ ಆದರೂ ಚಿಂತೆಯಿಲ್ಲ, ಮೂರರ ಸುತ್ತಿನ ಅವಧಿ ಒಂದೇ ಇರಬೇಕು. 6 ಗಂಟೆ ಅಂದರೆ 360 ನಿಮಿಷ, ಒಂದು ಸುತ್ತು ಅಂದರೆ 360 ಡಿಗ್ರಿ. ಅವಧಿಯಲ್ಲಿ ಒಂದು ನಿಮಿಷ ತಪ್ಪಿದರೆ ಸುತ್ತಿಗೊಂದು ಡಿಗ್ರಿ ಜಾರುತ್ತದೆ. ಮೂವತ್ತು ಸುತ್ತಿಗೆ ಮೂವತ್ತು ಡಿಗ್ರಿ. ನಾನು ಎಂಜಿನ್‌ನ ಬಲವನ್ನು ತೀರಾ ಕಡಿಮೆಗೆ ಇಳಿಸಿ, ಕಣ್ಣನ್ನು ಅವಧಿ ತೋರಿಸುವ ಅಂಕಿಯ ಮೇಲಿಟ್ಟು, ಒಂದೊಂದು ಉಸಿರಿನಷ್ಟೇ ಉರಿಸುತ್ತೇನೆ. ಸೆಕೆಂಡಿನ ಅಂಕಿ ಮೂರರಲ್ಲೂ ಒಂದೇ ಬಂದರೆ ವರ್ಷಗಟ್ಟಲೆ ಮುಟ್ಟಬೇಕಾಗಿಲ್ಲ.

ಇಷ್ಟೆಲ್ಲ ಒಂದೇ ವೃತ್ತದ ಮೇಲಿನ ಮಾತು. ಒಂದು ಉಪಗ್ರಹ ಸಮಭಾಜಕದ ಮೇಲೆ, ಇನ್ನೊಂದು ಧ್ರುವಗಳ ಮೇಲೆ ಹೋಗಬೇಕು ಅಂದರೆ ಕತೆಯೇ ಬೇರೆ. ಕೆರ್ಬಿನ್‌ನಿಂದ 100 ಕಿಲೋಮೀಟರ್ ಎತ್ತರದಲ್ಲಿ ವೇಗ ಸೆಕೆಂಡಿಗೆ 2,246 ಮೀಟರ್. ಅಲ್ಲಿ ಕಕ್ಷೆಯನ್ನು 90 ಡಿಗ್ರಿ ಓರೆ ಮಾಡಲು ಸೆಕೆಂಡಿಗೆ ಸುಮಾರು 3,176 ಮೀಟರ್ ವೇಗ ಬದಲಿಸಬೇಕು. ನೆಲದಿಂದ ಕಕ್ಷೆಗೆ ಏರಲು ಬೇಕಾಗುವುದೇ ಸುಮಾರು 3,400. ಅದರ ಬದಲು ಇನ್ನೊಂದು ರಾಕೆಟ್ ಹಾರಿಸಿಬಿಡಬಹುದು! ಇಂಥ ತಿರುವು ಬೇಕೇ ಬೇಕು ಅಂದರೆ ಎತ್ತರಕ್ಕೆ ಹೋಗಿ, ವೇಗ ತಗ್ಗಿದಲ್ಲಿ ತಿರುಗಿಸಬೇಕು.

ನಿಜವಾದ ರಾಕೆಟ್‌ಗಳೂ ಇದೇ ಲೆಕ್ಕಕ್ಕೆ ತಲೆಬಾಗುತ್ತವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋ 2017ರ ಫೆಬ್ರವರಿ 15ರಂದು ಪಿಎಸ್‌ಎಲ್‌ವಿ-ಸಿ37ರಲ್ಲಿ 104 ಉಪಗ್ರಹ ಕಳಿಸಿದ್ದು ಎಲ್ಲರಿಗೂ ನೆನಪಿದೆ. ಅವೆಲ್ಲ ಹೆಚ್ಚುಕಡಿಮೆ ಒಂದೇ ಕಕ್ಷೆಗೆ ಹೋದವು. ಒಂದಕ್ಕೊಂದು ತಾಗದಂತೆ ಬಿಡುವುದೇ ಅಲ್ಲಿನ ಸವಾಲು. ನನಗೆ ಅದಕ್ಕಿಂತ ಇಷ್ಟವಾದದ್ದು 2016ರ ಸೆಪ್ಟೆಂಬರ್ 26ರ ಪಿಎಸ್‌ಎಲ್‌ವಿ-ಸಿ35. ಸ್ಕ್ಯಾಟ್‌ಸ್ಯಾಟ್-1 ಅನ್ನು ಸುಮಾರು 720 ಕಿಲೋಮೀಟರ್‌ನಲ್ಲಿ ಇಳಿಸಿ, ನಾಲ್ಕನೇ ಹಂತದ ಎಂಜಿನ್ ಆರಿಸಿ, ಕಾದು, ಎರಡು ಸಲ ಮತ್ತೆ ಹೊತ್ತಿಸಿ, ಉಳಿದ ಏಳು ಉಪಗ್ರಹಗಳನ್ನು 689 ಕಿಲೋಮೀಟರ್‌ನಲ್ಲಿ ಬಿಟ್ಟರು. ಪಿಎಸ್‌ಎಲ್‌ವಿ ಎಂಜಿನ್ ಹೀಗೆ ಮತ್ತೆ ಹೊತ್ತಿಸಿ ಎರಡು ಬೇರೆ ಕಕ್ಷೆಗಳಿಗೆ ಉಪಗ್ರಹ ಮುಟ್ಟಿಸಿದ್ದು ಅದೇ ಮೊದಲು. ವ್ಯತ್ಯಾಸ ಮೂವತ್ತೇ ಕಿಲೋಮೀಟರ್, ಹಿಡಿದ ಹೊತ್ತು ಎರಡು ಗಂಟೆಗೂ ಜಾಸ್ತಿ. ಹೊತ್ತು ಹೋದದ್ದು ಬಹುಪಾಲು ಕಾಯುವುದರಲ್ಲೇ.

ಸಿ37ರ 104ರಲ್ಲಿ 88 ಅಮೆರಿಕದ ಪ್ಲಾನೆಟ್ ಕಂಪನಿಯ ಡವ್ ಉಪಗ್ರಹಗಳು. ಅವುಗಳಲ್ಲಿ ರಾಕೆಟ್ ಎಂಜಿನ್ನೇ ಇರಲಿಲ್ಲ. ಆದರೂ ಅವು ಭೂಮಿಯ ಸುತ್ತ ಸಾಲಾಗಿ ಹಂಚಿಕೊಂಡವು. ಅಷ್ಟು ಎತ್ತರದಲ್ಲೂ ತೆಳುವಾದ ಗಾಳಿ ಇದೆ. ಸೌರ ಫಲಕವನ್ನು ಗಾಳಿಗೆ ಅಗಲವಾಗಿ ಒಡ್ಡಿದ್ದು ಸ್ವಲ್ಪ ಕೆಳಗಿಳಿಯುತ್ತದೆ, ಇಳಿದದ್ದು ಬೇಗ ಸುತ್ತಿ ಮುಂದೆ ಹೋಗುತ್ತದೆ. ಅಂಚು ಒಡ್ಡಿದ್ದು ಹಿಂದೆ ಉಳಿಯುತ್ತದೆ. ಗಾಳಿಯನ್ನೇ ಬ್ರೇಕ್ ಮಾಡಿಕೊಂಡಿದ್ದಾರೆ.

ಕಕ್ಷೆಯ ಓರೆ ಯಾವ ದಿಕ್ಕಿಗೆ ಇರಬೇಕು ಅನ್ನೋದನ್ನು ಬದಲಿಸುವ ದುಬಾರಿ ಕೆಲಸಕ್ಕೂ ಭೂಮಿ ಒಂದು ಕಡೆ ಸಹಾಯ ಮಾಡುತ್ತದೆ. ನಮ್ಮ ಭೂಮಿಯ ನಡು ಸ್ವಲ್ಪ ಉಬ್ಬಿದೆ. ಆ ಉಬ್ಬಿನ ಸೆಳೆತದಿಂದ ಕಕ್ಷೆ ನಿಧಾನವಾಗಿ ಹೊರಳುತ್ತದೆ. ಕೆಳಗಿನ ಕಕ್ಷೆ ಬೇಗ, ಮೇಲಿನದು ನಿಧಾನ. 2006ರಲ್ಲಿ ತೈವಾನ್ ಮತ್ತು ಅಮೆರಿಕ ಸೇರಿ ಆರು ಹವಾಮಾನ ಉಪಗ್ರಹಗಳನ್ನು ಒಂದೇ ರಾಕೆಟ್‌ನಲ್ಲಿ ಕಳಿಸಿ, ಒಂದೊಂದನ್ನೂ ಬೇರೆ ಬೇರೆ ತಿಂಗಳಲ್ಲಿ ಮೇಲಕ್ಕೆ ಏರಿಸಿದರು. ಆರೂ ಆರು ದಿಕ್ಕಿನ ಕಕ್ಷೆಗಳಲ್ಲಿ ನಿಲ್ಲಲು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ದಿಕ್ಕು ಬದಲಿಸುವ ಖರ್ಚನ್ನು ಭೂಮಿಯೇ ಕೊಟ್ಟಿತು. ಆಟದಲ್ಲಿ ಈ ದಾರಿ ಇಲ್ಲ, ಯಾಕಂದ್ರೆ ಕೆರ್ಬಿನ್‌ನ ಗುರುತ್ವ ಪಕ್ಕಾ ಗುಂಡು ಚೆಂಡಿನದು.

ಕೊನೆಗೆ ಖಾಲಿ ರಾಕೆಟ್‌ನ ವಿಷಯ. ಮೂರನೆಯ ಉಪಗ್ರಹ ಬಿಟ್ಟ ಮೇಲೆ ಅದರ ಕೆಲಸ ಮುಗಿಯಿತು ಅಂತ ಬಿಟ್ಟುಬಿಡಬೇಡಿ. ಇನ್ನು 4 ಗಂಟೆಗೆ ಅದು ಮತ್ತೆ ಅದೇ ತುದಿಗೆ ಬರುತ್ತದೆ. ಮೊದಲನೆಯದನ್ನು ಬಿಟ್ಟು ಆಗ 12 ಗಂಟೆ ಆಗಿರುತ್ತದೆ, ಅಂದರೆ ಆ ಉಪಗ್ರಹ ಎರಡು ಸುತ್ತು ಮುಗಿಸಿ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಬಂದಿರುತ್ತದೆ. ಎರಡೂ ಢಿಕ್ಕಿ ಹೊಡೆಯಬಹುದು, ಎರಡರ ವೇಗದ ವ್ಯತ್ಯಾಸ ಸೆಕೆಂಡಿಗೆ 171 ಮೀಟರ್. ಹಾಗಾಗಿ ನಾನು ಇಂಧನ ತುಂಬುವಾಗಲೇ ಸೆಕೆಂಡಿಗೆ 280 ಮೀಟರ್‌ನಷ್ಟು ಬದಲಾವಣೆಗೆ ಸಾಕಾಗುವಷ್ಟು ಉಳಿಸಿಕೊಳ್ಳುತ್ತೇನೆ. ಮೂರನೆಯದನ್ನು ಬಿಟ್ಟ ಕೂಡಲೇ ರಾಕೆಟ್ ತಿರುಗಿಸಿ, ಅಷ್ಟನ್ನೂ ಉರಿಸಿ, ಕಕ್ಷೆಯ ಕೆಳತುದಿಯನ್ನು ಗಾಳಿಯೊಳಗೆ 30 ಕಿಲೋಮೀಟರ್‌ಗೆ ಇಳಿಸುತ್ತೇನೆ. ಇಸ್ರೋ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಅನ್ನು 650 ಕಿಲೋಮೀಟರ್‌ನಲ್ಲಿ ಬಿಟ್ಟ ಮೇಲೆ ರಾಕೆಟ್‌ನ ನಾಲ್ಕನೇ ಹಂತವನ್ನು 350 ಕಿಲೋಮೀಟರ್‌ಗೆ ಇಳಿಸಿತು. ಅಲ್ಲಿ ಅದರ ಮೇಲೆ ಪ್ರಯೋಗಗಳು ನಡೆದವು, ಮಾರ್ಚ್ 21ರಂದು ಅದು ವಾತಾವರಣಕ್ಕೆ ಬಿತ್ತು.