ಹೆಚ್ಚು ಓಡಿದ ಡೀಸೆಲ್ ಎಂಜಿನ್: ಸಿಂಥೆಟಿಕ್ಕೋ, ಮಿನರಲ್ಲೋ?

ಆಯಿಲ್ ಡಬ್ಬದ ಮೇಲೆ ಕಣ್ಣಿಗೆ ಹೊಡೆಯುವುದು ‘ಸಿಂಥೆಟಿಕ್’ ಎಂಬ ದಪ್ಪಕ್ಷರ. ಮೊದಲು ಓದಬೇಕಾದ್ದು ಅದರಡಿಯ ಸಣ್ಣಕ್ಷರ: 15ಡಬ್ಲ್ಯೂ-40 ಥರದ ಗ್ರೇಡು, ಸಿಐ-4, ಸಿಕೆ-4 ಥರದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆ. ಇವೆರಡೂ ಎಂಜಿನ್‌ನ ಕೈಪಿಡಿಗೆ ಹೊಂದಿದ ಮೇಲಷ್ಟೇ ಸಿಂಥೆಟಿಕ್ಕೋ ಮಿನರಲ್ಲೋ ಎಂಬ ಪ್ರಶ್ನೆ ಏಳಬೇಕು. ಆಯಿಲ್ ಏಕೆ ಬೇಕು, ಹೇಗೆ ಬದಲಿಸಬೇಕು ಎಂಬುದೆಲ್ಲ ನಿಮಗೆ ಗೊತ್ತೆಂದುಕೊಂಡು ಬಿಟ್ಟಿದ್ದೇನೆ.

5 ಮತ್ತು 40ರ ಗೋಜಲು

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ ಜಾಗ, ಹಾಗಾಗಿ ನಿಧಾನಕ್ಕೆ ಹೋಗೋಣ.

‘ಸವೆದ ಎಂಜಿನ್‌ಗೆ ದಪ್ಪ ಆಯಿಲ್ ಬೇಕು. ಸಿಂಥೆಟಿಕ್ 5ಡಬ್ಲ್ಯೂ-40 ತೀರಾ ತೆಳು, 15ಡಬ್ಲ್ಯೂ-40 ಹಾಕು’ ಎಂಬ ಸಲಹೆ ಕೇಳಿರುತ್ತೀರಿ. 5, 15, 40 ಎಲ್ಲವೂ ಒಂದೇ ಅಳತೆಗೋಲಿನ ಗುರುತುಗಳು ಎಂಬ ಊಹೆ ಇದರೊಳಗೆ ಅಡಗಿದೆ. ಆದರೆ ಡಬ್ಲ್ಯೂ ಜೊತೆಗಿನ ಮೊದಲ ಸಂಖ್ಯೆ ಒಂದು ಪರೀಕ್ಷೆಯದು, ಕೊನೆಯದು ಬೇರೆಯದೇ ಪರೀಕ್ಷೆಯದು.

40 ಎಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್‌ನ ಸ್ನಿಗ್ಧತೆ (ಹರಿಯಲು ಒಡ್ಡುವ ಅಡ್ಡಿ, ಅಂದರೆ ದಪ್ಪ) 12.5 ಸೆಂಟಿಸ್ಟೋಕ್ಸ್‌ಗಿಂತ ಕಡಿಮೆಯಿರಬಾರದು, 16.3 ಮುಟ್ಟಬಾರದು. 5ಡಬ್ಲ್ಯೂ-40 ಆಗಲಿ 15ಡಬ್ಲ್ಯೂ-40 ಆಗಲಿ, ಇದೇ ಪಟ್ಟಿಯೊಳಗಿರಲೇಬೇಕು. ಡಬ್ಲ್ಯೂ ಜೊತೆಗಿನ ಅಂಕಿ ಚಳಿಗಾಲದ್ದು. 15ಡಬ್ಲ್ಯೂ ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿಟ್ಟು, ಎಂಜಿನ್ ತಿರುಗಲು ಅದು ಎಷ್ಟು ಅಡ್ಡಿ ಮಾಡುತ್ತದೆ ಎಂದು ನೋಡುತ್ತಾರೆ. 5ಡಬ್ಲ್ಯೂಗೆ ಅದೇ ಪರೀಕ್ಷೆ ಮೈನಸ್ 30ರಲ್ಲಿ. ಆದ್ದರಿಂದ ಎಂಜಿನ್ ಬಿಸಿಯಾದ ಮೇಲೆ ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ವ್ಯತ್ಯಾಸವೆಲ್ಲ ತಣ್ಣಗಿರುವಾಗ.

‘ಹಾಗಾದರೆ ಬಿಸಿಯಾದಾಗ ಆಯಿಲ್ 5ರಿಂದ 40ಕ್ಕೆ ದಪ್ಪವಾಗುತ್ತದೆಯೇ?’ ಇಲ್ಲ. ಯಾವ ಆಯಿಲೂ ಬಿಸಿಗೆ ದಪ್ಪವಾಗುವುದಿಲ್ಲ. ಸಾಧಾರಣ 15ಡಬ್ಲ್ಯೂ-40 ಆಯಿಲ್ 40 ಡಿಗ್ರಿಯಲ್ಲಿ ಹೆಚ್ಚುಕಡಿಮೆ 110 ಸೆಂಟಿಸ್ಟೋಕ್ಸ್ ಇದ್ದರೆ 100 ಡಿಗ್ರಿಗೆ ಬರುವಷ್ಟರಲ್ಲಿ 14-15ಕ್ಕೆ ಇಳಿದಿರುತ್ತದೆ. 5ಡಬ್ಲ್ಯೂ-40 ಶುರುವಾಗುವುದು ಸ್ವಲ್ಪ ಕೆಳಗೆ, ಬಂದು ನಿಲ್ಲುವುದು ಅಲ್ಲೇ.

ಆ ಹಳೆಯ ಸಲಹೆಯಲ್ಲೂ ಒಂದೆಳೆ ನಿಜವಿದೆ. 150 ಡಿಗ್ರಿ ಶಾಖದಲ್ಲಿ, ಬೇರಿಂಗ್‌ನ ಸಂದಿಯಲ್ಲಿ ಉಜ್ಜಿಸಿಕೊಳ್ಳುವಾಗ ಉಳಿಯುವ ಸ್ನಿಗ್ಧತೆಗೆ ಬೇರೆ ಪರೀಕ್ಷೆಯಿದೆ. ಅದರಲ್ಲಿ 15ಡಬ್ಲ್ಯೂ-40ಕ್ಕೆ ಕನಿಷ್ಠ 3.7 ಮಿಲಿಪಾಸ್ಕಲ್ ಸೆಕೆಂಡ್ ಇರಬೇಕು, 5ಡಬ್ಲ್ಯೂ-40ಕ್ಕೆ 3.5 ಸಾಕು. ಆದರೆ ಇವು ಕನಿಷ್ಠ ಮಿತಿಗಳಷ್ಟೇ. ನಿಜವಾದ ಅಂಕಿ ಆಯಾ ಆಯಿಲ್‌ನ ತಾಂತ್ರಿಕ ಮಾಹಿತಿ ಪತ್ರದಲ್ಲಿರುತ್ತದೆ, ಸವೆದ ಬೇರಿಂಗ್‌ನ ಚಿಂತೆಯಿದ್ದವರು ಹುಡುಕಬೇಕಾದ್ದು ಅದನ್ನೇ.

ಹೆದರಬೇಕಾದ್ದು ಕೊನೆಯ ಸಂಖ್ಯೆ ಬದಲಾದಾಗ. 40 ಹೇಳಿದ ಹಳೆಯ ಎಂಜಿನ್‌ಗೆ ‘ಸಿಂಥೆಟಿಕ್ ತಾನೇ’ ಎಂದು 5ಡಬ್ಲ್ಯೂ-30 ಸುರಿದರೆ 9.3ರಿಂದ 12.5ರ ಪಟ್ಟಿಗೆ ಜಾರಿದಂತೆ. ಅದರಲ್ಲೂ ಎಫ್‌ಎ-4 ಎಂದಿರುವ ಡಬ್ಬ ಬೇಡವೇ ಬೇಡ. 2016ರ ಡಿಸೆಂಬರಿನಲ್ಲಿ ಸಿಕೆ-4ರ ಜೊತೆಗೇ ಬಂದರೂ ಅದು ಕೆಲವು ಹೊಸ ಎಂಜಿನ್‌ಗಳಿಗೆಂದೇ ಮಾಡಿದ ತೆಳು ಆಯಿಲ್. ಸಿಐ-4, ಸಿಜೆ-4 ಕೇಳುವ ಎಂಜಿನ್‌ಗೆ ಸಿಕೆ-4 ನಡೆಯುತ್ತದೆ, ಎಫ್‌ಎ-4 ನಡೆಯುವುದಿಲ್ಲ.

ಸಿಂಥೆಟಿಕ್‌ನಿಂದ ಸಿಗುವುದೇನು

ರಾಸಾಯನಿಕಗಳನ್ನು ಬೆರೆಸುವ ಮುಂಚಿನ ಮೂಲ ತೈಲವನ್ನು ಎಪಿಐ ಐದು ಗುಂಪು ಮಾಡಿದೆ. ಒಂದು, ಎರಡು ಮಿನರಲ್, ಅಂದರೆ ಕಚ್ಚಾ ತೈಲವನ್ನು ಸಂಸ್ಕರಿಸಿ ತೆಗೆದದ್ದು. ನಾಲ್ಕನೆಯದು ಪಿಎಒ (ಪಾಲಿಆಲ್ಫಾಓಲೆಫಿನ್), ರಾಸಾಯನಿಕವಾಗಿ ಕಟ್ಟಿದ್ದು. ನಡುವಿನ ಮೂರನೆಯದು ಕಚ್ಚಾ ತೈಲದಿಂದಲೇ ಬಂದರೂ ಹೈಡ್ರೋಜನ್‌ನಿಂದ ತೀವ್ರವಾಗಿ ಸಂಸ್ಕರಿಸಿದ್ದು. ಅಮೆರಿಕದಲ್ಲಿ 1999ರ ಒಂದು ಜಾಹೀರಾತು ತಕರಾರಿನ ತೀರ್ಮಾನದ ನಂತರ ಇದನ್ನೂ ಸಿಂಥೆಟಿಕ್ ಎಂದು ಮಾರಲು ದಾರಿಯಾಯಿತು. ಹಾಗಾಗಿ ಡಬ್ಬದ ಮೇಲಿನ ಆ ಪದವೊಂದನ್ನೇ ನಂಬಿ ಒಳಗೇನಿದೆ ಎಂದು ಹೇಳಲಾಗದು.

ಲಾಭ ಮೂರು ಕಡೆ: ಕೊರೆಯುವ ಚಳಿಯಲ್ಲಿ ಬೇಗ ಹರಿಯುತ್ತದೆ, ಟರ್ಬೊ ಬಿಸಿಗೆ ಸುಲಭವಾಗಿ ಕರಕಲಾಗದು, ಆವಿಯಾಗುವುದೂ ಕಡಿಮೆ. ಡೀಸೆಲ್‌ನ ಮಸಿಯನ್ನು ತೇಲಿಸಿ ಹಿಡಿಯುವುದು, ಆಮ್ಲವನ್ನು ಮುರಿಯುವುದು ಮಾತ್ರ ಮುಖ್ಯವಾಗಿ ಆಯಿಲ್‌ಗೆ ಬೆರೆಸಿದ ರಾಸಾಯನಿಕಗಳ ಕೆಲಸ. ಅವುಗಳ ಮಟ್ಟ ಹೇಳುವುದು ಸಿಐ-4, ಸಿಕೆ-4 ಎಂಬ ದರ್ಜೆ.

ಆಯಿಲ್ ಕುಡಿಯುವ ಎಂಜಿನ್‌ನ ಲೆಕ್ಕ

ನನ್ನ ಅಚ್ಚುಮೆಚ್ಚಿನ ಅಡ್ಡದಾರಿ ಇದು. ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದರವರೆಗೆ ಮೇಲಿಂದ ಎಷ್ಟು ಲೀಟರ್ ಸುರಿದಿರಿ ಎಂದು ಕೂಡಿಸಿ, ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಹಿಡಿಯುವ ಲೀಟರಿನ ಪಕ್ಕದಲ್ಲಿಡಿ. 6 ಲೀಟರ್ ಸಂಪ್, 10,000 ಕಿಲೋಮೀಟರಿಗೊಮ್ಮೆ ಬದಲಾವಣೆ, 1,000 ಕಿಲೋಮೀಟರಿಗೆ 1 ಲೀಟರ್ ಖರ್ಚು ಎಂದುಕೊಳ್ಳಿ. ಹತ್ತಿರ ಹತ್ತಿರ 10 ಲೀಟರ್ ಸುರಿದಾಯಿತು, ಸಂಪ್‌ಗಿಂತ ಹೆಚ್ಚು! ಅಲ್ಲಿ ಆಯಿಲ್‌ಗೆ ಹಳತಾಗಲು ಪುರಸೊತ್ತೇ ಇಲ್ಲ. ಹೆಚ್ಚು ಬಾಳಿಕೆಗೆಂದು ಸಿಂಥೆಟಿಕ್‌ಗೆ ಕೊಟ್ಟ ಹಣ ಹೊಗೆಯಾಗಿ ಹೋಗುತ್ತದೆ. ಸುರಿದದ್ದು ಸಂಪ್‌ನ ಅರ್ಧ ಮೀರಿದರೆ ಸರಿಯಾದ ದರ್ಜೆಯ ಮಿನರಲ್ 15ಡಬ್ಲ್ಯೂ-40 ಸಾಕು ಎಂಬುದು ನನ್ನ ಗೆರೆ, ಯಾವ ಮಾನದಂಡದ್ದೂ ಅಲ್ಲ. ಕೊರೆಯುವ ಚಳಿಯಲ್ಲಿ ಸ್ಟಾರ್ಟ್ ಮಾಡಬೇಕಾದವರಿಗೆ ಈ ಗೆರೆ ಅನ್ವಯಿಸದು.

ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಾದರೆ ಇದೇ ಲೆಕ್ಕ ಇನ್ನೂ ಕಹಿ. ಸಿಜೆ-4 ಆಯಿಲ್‌ನಲ್ಲಿ ಬೂದಿಯ ಅಂಶ ಹೆಚ್ಚೆಂದರೆ ಶೇ. 1. ಹತ್ತು ಲೀಟರ್ ಎಂದರೆ ಸುಮಾರು 8.7 ಕಿಲೋ, ಅದರಲ್ಲಿ 87 ಗ್ರಾಂವರೆಗೆ ಬೂದಿ. ಫಿಲ್ಟರ್ ತನ್ನನ್ನು ತಾನು ಬಿಸಿಮಾಡಿಕೊಂಡಾಗ ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಸಿಂಥೆಟಿಕ್ ಆದರೂ ಅಷ್ಟೇ.

ಆಯಿಲ್ ಕುಡಿಯದ, ಟರ್ಬೊ ಇರುವ, ದೂರ ದೂರ ಓಡುವ ಎಂಜಿನ್ ಆದರೆ ಎಷ್ಟೇ ಓಡಿರಲಿ, ನಾನು ಸಿಂಥೆಟಿಕ್ 5ಡಬ್ಲ್ಯೂ-40 ಕಡೆಗೇ.

ಉಳಿದ ಚಿಲ್ಲರೆ

ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಭಯ ಮೊದಮೊದಲ ಪಿಎಒ ಆಯಿಲ್‌ಗಳ ಕಾಲದ್ದು. ಅವು ರಬ್ಬರ್ ಸೀಲನ್ನು ಕುಗ್ಗಿಸುತ್ತಿದ್ದವು. ಈಗ ಸೀಲನ್ನು ಹದವಾಗಿಡುವ ಅಂಶವನ್ನೂ ಬೆರೆಸಿರುತ್ತಾರೆ. ಗಟ್ಟಿಯಾಗಿ ಬಿರುಕು ಬಿಟ್ಟ ಸೀಲ್ ಹೇಗೂ ಸೋರುತ್ತದೆ, ಅದನ್ನು ಬದಲಿಸಬೇಕು. ಮಿನರಲ್‌ನಿಂದ ಸಿಂಥೆಟಿಕ್‌ಗೆ ಹೋಗುವಾಗ ಒಂದಿಷ್ಟು ಹಳೆಯದು ಒಳಗೆ ಉಳಿದರೂ ಬೆರೆಯುತ್ತದೆ. ಆದರೂ ಮೊದಲ ಸಲ ಸ್ವಲ್ಪ ಬೇಗನೇ ಆಯಿಲ್, ಫಿಲ್ಟರ್ ಬದಲಿಸುವುದು ಒಳ್ಳೆಯದು, ಹಳೆಯ ಕೊಳೆ ಬಿಡಿಸಿಕೊಂಡು ಬರಬಹುದು. ಹಾಕಿದ ಕೆಲ ದಿನಕ್ಕೇ ಆಯಿಲ್ ಕಪ್ಪಾದರೆ ಗಾಬರಿ ಬೇಡ, ಡೀಸೆಲ್‌ನಲ್ಲಿ ಅದು ಸಹಜ.

ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಮಾತ್ರ ಆಯಿಲ್ ಆರಿಸುವುದನ್ನು ಬದಿಗಿಡಿ. ಡೀಸೆಲ್ ಅಥವಾ ಕೂಲಂಟ್ ಸಂಪ್‌ಗೆ ಇಳಿಯುತ್ತಿರಬಹುದು, ಮೊದಲು ಅದನ್ನು ಮೆಕ್ಯಾನಿಕ್ ನೋಡಬೇಕು.