ಆಸ್ಪತ್ರೆಯ ಸರದಿ ಪಟ್ಟಿಯನ್ನು ಕೆರೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳೋಣ

ಆಸ್ಪತ್ರೆ ಆಡಳಿತ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಸರದಿ ಪಟ್ಟಿಯ ಪಾಠದಲ್ಲಿ ಸೂತ್ರಗಳನ್ನು ಬಾಯಿಪಾಠ ಮಾಡುವ ಮೊದಲು ನಮ್ಮ ದಾವಣಗೆರೆ ಜಿಲ್ಲೆಯ ಸೂಳೆಕೆರೆಯನ್ನು ನೆನಪಿಸಿಕೊಳ್ಳಿ. ಹಳ್ಳದಿಂದ ನೀರು ಬರುತ್ತದೆ, ತೂಬಿನಿಂದ ಹೋಗುತ್ತದೆ. ಬಂದಷ್ಟೇ ಹೋದರೆ ಮಟ್ಟ ಹಾಗೇ ಇರುತ್ತದೆ. ಬರುವುದು ಜಾಸ್ತಿಯಾದರೆ ಏರಿ ಏರಿ ಒಂದು ದಿನ ಕೋಡಿ ಬೀಳುತ್ತದೆ.

ಪಟ್ಟಿಯೂ ಇಷ್ಟೇ. ಪಟ್ಟಿಯಲ್ಲಿರುವವರ ಸಂಖ್ಯೆ ಅಂದರೆ, ವಾರಕ್ಕೆ ಸೇರುವವರನ್ನು ಅವರು ಕಾಯುವ ವಾರಗಳಿಂದ ಗುಣಿಸಿದಷ್ಟು. 1961ರಲ್ಲಿ ಜಾನ್ ಲಿಟಲ್ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು, ಅದಕ್ಕೇ ಲಿಟಲ್ ನಿಯಮ ಎಂಬ ಹೆಸರು. ಕಣ್ಣಿನ ಪೊರೆ ಆಪರೇಷನ್ನಿಗೆ ವಾರಕ್ಕೆ 40 ಜನ ಹೆಸರು ಬರೆಸುತ್ತಾರೆ, ಪಟ್ಟಿಯಲ್ಲಿ 240 ಜನ ಇದ್ದಾರೆ ಅಂದುಕೊಳ್ಳಿ. ಆಗ ಒಬ್ಬೊಬ್ಬರೂ ಸರಾಸರಿ 6 ವಾರ ಕಾಯುತ್ತಾರೆ.

ಪರೀಕ್ಷೆಯಲ್ಲಿ 'ಪಟ್ಟಿ ಕಡಿಮೆ ಮಾಡುವುದು ಹೇಗೆ' ಅಂತ ಕೇಳಿದರೆ ಎಲ್ಲರೂ 'ವೈದ್ಯರನ್ನು ಹೆಚ್ಚಿಸಬೇಕು' ಅಂತ ಬರೆದುಬಿಡುತ್ತಾರೆ. ಮೊದಲು ನೋಡಬೇಕಾದದ್ದು ಬೇರೆ. ಪಟ್ಟಿ ಬೆಳೆಯುತ್ತಿದೆಯಾ, ಅಥವಾ ಉದ್ದ ಇದ್ದರೂ ಅಲ್ಲೇ ನಿಂತಿದೆಯಾ? ನಿಂತಿದ್ದರೆ ತೂಬು ಸರಿಯಾಗೇ ಇದೆ, ಹಳೆಯ ನೀರು ಉಳಿದಿದೆ ಅಷ್ಟೇ. ನಾಲ್ಕು ಭಾನುವಾರ ಕ್ಯಾಂಪ್ ಮಾಡಿ ಖಾಲಿ ಮಾಡಿದರೆ ಮತ್ತೆ ತುಂಬುವುದಿಲ್ಲ. ಬೆಳೆಯುತ್ತಿದ್ದರೆ ಕ್ಯಾಂಪ್‌ನಿಂದ ಸ್ವಲ್ಪ ದಿನದ ಸಮಾಧಾನ ಮಾತ್ರ. ಅಲ್ಲಿ ತೂಬನ್ನೇ ದೊಡ್ಡದು ಮಾಡಬೇಕು.

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆ ಈ ಎರಡನೇ ಜಾತಿಗೆ ಉದಾಹರಣೆ. ರೆಫರಲ್ ಆದ, ಅಂದರೆ ತಜ್ಞರ ಬಳಿಗೆ ಕಳುಹಿಸಿದ, 18 ವಾರದೊಳಗೆ 92% ಜನರಿಗೆ ಚಿಕಿತ್ಸೆ ಶುರುವಾಗಬೇಕು ಎಂಬುದು ಅಲ್ಲಿನ ಗುರಿ. ಕೋವಿಡ್‌ಗೆ ಮೊದಲೇ ಪಟ್ಟಿ ಸುಮಾರು 46 ಲಕ್ಷ ಮುಟ್ಟಿತ್ತು. 2023ರ ಸೆಪ್ಟೆಂಬರಿನಲ್ಲಿ 77 ಲಕ್ಷ ದಾಟಿತು. ಇಲ್ಲೊಂದು ಎಚ್ಚರಿಕೆ: ಇದು ಜನರ ಲೆಕ್ಕವಲ್ಲ, ಚಿಕಿತ್ಸೆಗಳ ಲೆಕ್ಕ. ಮಂಡಿಗೂ ಕಣ್ಣಿಗೂ ಕಾಯುವ ಒಬ್ಬರೇ ಎರಡು ಸಲ ಸೇರುತ್ತಾರೆ.

ಈಗ ಒಪಿಡಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ ಬನ್ನಿ. ಈ ಭಾಗ ನಿಧಾನವಾಗಿ ಓದಿ. ವೈದ್ಯರು ಒಬ್ಬರೇ, ಒಬ್ಬ ರೋಗಿಗೆ ಸರಾಸರಿ 6 ನಿಮಿಷ, ಜನ ಯಾವಾಗ ಬೇಕಾದರೂ ಬರಬಹುದು ಅಂತ ಇಟ್ಟುಕೊಳ್ಳೋಣ. ವೈದ್ಯರು 80% ಹೊತ್ತು ಬಿಜಿ ಇದ್ದರೆ ರೋಗಿ ಸರಾಸರಿ 24 ನಿಮಿಷ ಕಾಯುತ್ತಾರೆ. 90% ಆದರೆ 54 ನಿಮಿಷ. 95% ಆದರೆ 114 ನಿಮಿಷ! ವೈದ್ಯರ ಕೆಲಸ ಸ್ವಲ್ಪವೇ ಏರಿತು, ಕಾಯುವುದು ಎರಡು ಗಂಟೆಯ ಹತ್ತಿರ ಹೋಯಿತು. ವೈದ್ಯರು ಹತ್ತು ನಿಮಿಷ ಖಾಲಿ ಕೂತಿದ್ದು ಕಂಡರೆ 'ಸುಮ್ನೆ ಕೂತಿದ್ದಾರೆ' ಅಂತ ನಾವು ಗೊಣಗುತ್ತೇವೆ. ಆ ಖಾಲಿ ಹೊತ್ತು ಇದ್ದರೇನೇ ಸಾಲು ಚಿಕ್ಕದಾಗಿರುವುದು.

ಎಲ್ಲರನ್ನೂ 9 ಗಂಟೆಗೇ ಕರೆಯುವ ಪದ್ಧತಿಯನ್ನು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೇಲಿ 1952ರಲ್ಲೇ ಅಧ್ಯಯನ ಮಾಡಿದ್ದರು. ಅವರ ಸಲಹೆ ಸರಳ: ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಒಬ್ಬರನ್ನು ನೋಡಲು ಹಿಡಿಯುವ ಸರಾಸರಿ ಹೊತ್ತಿಗೊಬ್ಬರಂತೆ. ದಾವಣಗೆರೆಯಲ್ಲಿ ಇದನ್ನು ಹಾಗೇ ತಂದರೆ ನಡೆಯುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಚನ್ನಗಿರಿ, ಜಗಳೂರು, ಹರಪನಹಳ್ಳಿ ಕಡೆಯವರು ಬರುವುದು ಬಸ್ಸಿನ ಹೊತ್ತಿಗೆ. ಊರಿನವರಿಗೆ 9ರ ಟೋಕನ್, ಹಳ್ಳಿಯವರಿಗೆ 11ರ ನಂತರದ್ದು ಕೊಟ್ಟರೆ ಇಬ್ಬರಿಗೂ ಅನುಕೂಲ ಅಲ್ವಾ?

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊಬೈಲಿನಲ್ಲೇ ಟೋಕನ್ ಪಡೆಯುವ ವ್ಯವಸ್ಥೆ 2022ರಿಂದ ದೇಶದ ಹಲವು ಆಸ್ಪತ್ರೆಗಳಿಗೆ ಬಂದಿದೆ. ಚೀಟಿ ಕೌಂಟರಿನ ಸಾಲು ಇದರಿಂದ ಕರಗುತ್ತದೆ. ಆದರೆ ಒಳಗೆ ವೈದ್ಯರು ಅಷ್ಟೇ ಇದ್ದರೆ ಆ ಸಾಲು ಅವರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಎಲ್ಲಿ ಕಟ್ಟಿಕೊಂಡಿದೆಯೋ ಅಲ್ಲೇ ಬಿಡಿಸಬೇಕು. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯ ರೆಫರಲ್ ಪತ್ರವನ್ನೂ ಇದೇ ಕಣ್ಣಿನಿಂದ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದ ಚಿಕಿತ್ಸೆಗೆ ಬೇರೆ ಕಡೆ ದಾರಿ ತೆರೆಯಿತು, ಜೊತೆಗೆ ಪತ್ರಕ್ಕೂ ಒಂದು ಸಾಲು ಸೇರಿತು. ತುರ್ತು ಚಿಕಿತ್ಸೆಗೆ ಪತ್ರ ಬೇಡ, ಇದನ್ನು ಮನೆಯಲ್ಲೂ ಹೇಳಿಡಿ.

ಡೇಟ್ ಕೊಟ್ಟ ಮೇಲೂ ಆಪರೇಷನ್ ತಪ್ಪಿಹೋಗುವುದು ಇನ್ನೊಂದು ದೊಡ್ಡ ಸೋರಿಕೆ. ನಮ್ಮ ಅಜ್ಜಿಗೆ ಹಾಗಾಯಿತು. ಜಗಳೂರು ಕಡೆಯಿಂದ ಮೊದಲ ಬಸ್ಸಿಗೆ ಬಂದರು. ಸೆರಗಿನ ತುದಿಯಲ್ಲಿ ಚೀಟಿ ಗಂಟು ಹಾಕಿಕೊಂಡಿದ್ದರು. ಕಣ್ಣಿಗೆ ಹನಿ ಹಾಕಿದ್ದೂ ಆಗಿತ್ತು. ಆಮೇಲೆ ಬಿಪಿ ನೋಡಿದ ನರ್ಸ್, 'ಜಾಸ್ತಿ ಇದೆ ಅಜ್ಜಿ, ಕಡಿಮೆ ಮಾಡಿಸಿಕೊಂಡು ಬನ್ನಿ' ಅಂದರು. ಅಜ್ಜಿ ಗಂಟು ಬಿಚ್ಚಿ ಚೀಟಿ ಕೊಟ್ಟರು, ಹೊಸ ಡೇಟ್ ಬರೆಸಿಕೊಂಡು ಮತ್ತೆ ಗಂಟು ಹಾಕಿದರು. ಆವತ್ತಿನ ಓಟಿಯ (ಆಪರೇಷನ್ ಕೋಣೆಯ) ಆ ಜಾಗಕ್ಕೆ ಬೇರೆ ಯಾರನ್ನೂ ಕರೆಯಲಿಲ್ಲ. ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೇ. ಎರಡನೇ ಸಲ ಊರಿನ ಆಶಾ ಕಾರ್ಯಕರ್ತೆ ವಾರ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಪಿ, ಶುಗರ್ ನೋಡಿಸಿದರು. ಆಪರೇಷನ್ ಆಯಿತು.

ಪರೀಕ್ಷೆಯ ಉತ್ತರದಲ್ಲಿ ಬರೆಯಬೇಕಾದದ್ದು ಇಂಥವು: ತಪಾಸಣೆ ವಾರ ಮೊದಲೇ ಮುಗಿಸುವುದು, ಹಿಂದಿನ ದಿನ ಫೋನ್ ಮಾಡುವುದು, ತಪ್ಪಿದ ಜಾಗಕ್ಕೆ ಹತ್ತಿರದ ಊರಿನವರನ್ನು ಕರೆಯುವುದು, ಬೇರೆ ಕಡೆ ಆಪರೇಷನ್ ಮಾಡಿಸಿಕೊಂಡವರ ಹೆಸರನ್ನು ಪಟ್ಟಿಯಿಂದ ತೆಗೆಯುವುದು. ಇವಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಅಂಗಾಂಗ ಕಸಿಯ ಪಟ್ಟಿಯನ್ನು ಇವುಗಳ ಜೊತೆ ಸೇರಿಸಬೇಡಿ. 1994ರ ಕಾಯ್ದೆಯ ಅಡಿಯಲ್ಲಿ ನಡೆಯುವ ಪಟ್ಟಿ ಅದು, ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. ಎಷ್ಟು ಓಟಿ ಕಟ್ಟಿದರೂ ದಾನಿಗಳಿಲ್ಲದೆ ಅಲ್ಲಿ ತೂಬು ತೆರೆಯುವುದಿಲ್ಲ.

ಕೊನೆಗೆ ಒಂದು ಲೆಕ್ಕ ಮಾಡಿ ನೋಡಿ. ಪಟ್ಟಿಯಲ್ಲಿ 300 ಜನ, ವಾರಕ್ಕೆ 30 ಜನ ಸೇರುತ್ತಾರೆ, 30 ಆಪರೇಷನ್ ಆಗುತ್ತವೆ. ಕ್ಯಾಂಪ್‌ನಲ್ಲಿ ಇನ್ನೂ 120 ಆಪರೇಷನ್ ಮಾಡಿದರು. ಮೊದಲು 10 ವಾರ ಇದ್ದ ಕಾಯುವಿಕೆ ಈಗ 6 ವಾರ. ಆದರೆ ವಾರಕ್ಕೆ ಸೇರುವವರು 40 ಆಗಿದ್ದರೆ? ಬರೀ 12 ವಾರದಲ್ಲಿ ಪಟ್ಟಿ ಮತ್ತೆ 300.