ಗ್ರಾಫ್ ಎತ್ತ ಬಾಗುತ್ತಿದೆ? ಕಾನ್ಕೇವಿಟಿ ಮತ್ತು ಇನ್‌ಫ್ಲೆಕ್ಷನ್ ಪಾಯಿಂಟ್

ಫಂಕ್ಷನ್ ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದು ಒಂದು ಪ್ರಶ್ನೆ. ಅದರ ಗ್ರಾಫ್ ಯಾವ ಕಡೆಗೆ ಬಾಗುತ್ತಿದೆ ಎನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಕಲಸಿಕೊಂಡರೆ ಗೊಂದಲ ಗ್ಯಾರಂಟಿ. ಈ ಬಾಗುವಿಕೆಗೇ ಕಾನ್ಕೇವಿಟಿ ಅಂತ ಹೆಸರು.

ಗ್ರಾಫನ್ನು ನಕ್ಷೆಯಲ್ಲಿ ಕಾಣುವ ಘಾಟಿ ರಸ್ತೆ ಅಂದುಕೊಳ್ಳಿ. ಎಡತುದಿಯಿಂದ ಬಲಕ್ಕೆ ಗಾಡಿ ಓಡಿಸುತ್ತಿದ್ದೀರಿ. ಸ್ಟಿಯರಿಂಗ್ ಎಡಕ್ಕೆ ತಿರುಗಿದ್ದರೆ ಗ್ರಾಫ್ ಮೇಲ್ಮುಖವಾಗಿ ಬಾಗುತ್ತಿದೆ, ಬಲಕ್ಕೆ ತಿರುಗಿದ್ದರೆ ಕೆಳಮುಖವಾಗಿ. ಒಂದು ತಿರುವು ಮುಗಿದು ಎದುರು ತಿರುವು ಶುರುವಾಗುವ ಜಾಗವೇ ಇನ್‌ಫ್ಲೆಕ್ಷನ್ ಪಾಯಿಂಟ್. ಲೆಕ್ಕದಲ್ಲಿ ಇದನ್ನು ಹೇಳುವುದು ಸೆಕೆಂಡ್ ಡೆರಿವೇಟಿವ್, ಅಂದರೆ ಗ್ರಾಫಿನ ಸ್ಲೋಪ್ (ಏರಿಳಿತದ ಕಡಿದು) ಬದಲಾಗುವ ದರ: ಅದು ಪ್ಲಸ್ ಇದ್ದರೆ ಮೇಲ್ಮುಖ, ಮೈನಸ್ ಇದ್ದರೆ ಕೆಳಮುಖ.

ಎಕ್ಸ್³ − 6ಎಕ್ಸ್² + 9ಎಕ್ಸ್ ತೆಗೆದುಕೊಳ್ಳಿ. ಎಕ್ಸ್ 1 ಆದಾಗ ಇದರ ಬೆಲೆ 4, ಎಕ್ಸ್ 3 ಆದಾಗ 0. ನಡುವೆ ಎಲ್ಲೂ ಏರುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಆದರೆ ಒಂದೇ ಥರ ಇಳಿಯುವುದಿಲ್ಲ. 1ರಲ್ಲಿ ಸ್ಲೋಪ್ ಸೊನ್ನೆ, 1.5ರಲ್ಲಿ −2.25, 2ರಲ್ಲಿ −3. ಅಲ್ಲಿಂದ ಮುಂದೆ 2.5ರಲ್ಲಿ ಮತ್ತೆ −2.25, 3ರಲ್ಲಿ ಸೊನ್ನೆ. ಅಂದರೆ ಇಳಿಜಾರು ಅತಿ ಕಡಿದಾಗಿರುವುದು 2ರಲ್ಲಿ. ಸೆಕೆಂಡ್ ಡೆರಿವೇಟಿವ್ 6ಎಕ್ಸ್ − 12. 2ಕ್ಕಿಂತ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಗಾಗಿ ಇನ್‌ಫ್ಲೆಕ್ಷನ್ ಪಾಯಿಂಟ್ (2, 2). ಅಲ್ಲಿ ಸ್ಪರ್ಶರೇಖೆ ಎಳೆದು ನೋಡಿ, ಅದು ಗ್ರಾಫನ್ನು ಸುಮ್ನೆ ಮುಟ್ಟಿ ಹೋಗುವುದಿಲ್ಲ, ದಾಟಿಕೊಂಡೇ ಹೋಗುತ್ತದೆ.

ಇನ್ನು ಎಲ್ಲರೂ ಬೀಳುವ ಗುಂಡಿ. ಸೆಕೆಂಡ್ ಡೆರಿವೇಟಿವ್ ಸೊನ್ನೆ ಬಂದ ಕೂಡಲೇ ಇನ್‌ಫ್ಲೆಕ್ಷನ್ ಅಂತ ಬರೆದುಬಿಡುವುದು! ಎಕ್ಸ್⁴ಗೆ ಅದು 12ಎಕ್ಸ್². ಸೊನ್ನೆಯಲ್ಲಿ ಸೊನ್ನೆಯೇನೋ ಹೌದು, ಆದರೆ ಎರಡೂ ಪಕ್ಕದಲ್ಲಿ ಪ್ಲಸ್. ಬಾಗು ಬದಲಾಗಲೇ ಇಲ್ವಲ್ಲ, ಇನ್‌ಫ್ಲೆಕ್ಷನ್ ಎಲ್ಲಿಂದ ಬಂತು? ಉಲ್ಟಾ ಕೇಸೂ ಇದೆ. ಎಕ್ಸ್‌ನ ಘನಮೂಲಕ್ಕೆ ಸೊನ್ನೆಯಲ್ಲಿ ಸೆಕೆಂಡ್ ಡೆರಿವೇಟಿವ್ ಇಲ್ಲವೇ ಇಲ್ಲ, ಆದರೂ ಅದು ಇನ್‌ಫ್ಲೆಕ್ಷನ್ ಪಾಯಿಂಟೇ. ನೋಡಬೇಕಾದ್ದು ಚಿಹ್ನೆ ಬದಲಾಯಿತೇ ಎಂದು. 1/ಎಕ್ಸ್‌ನಲ್ಲಿ ಸೊನ್ನೆಯ ಆಚೀಚೆ ಚಿಹ್ನೆಯೂ ಬದಲಾಗುತ್ತದೆ, ಆದರೆ ಅಲ್ಲಿ ಗ್ರಾಫಿನ ಬಿಂದುವೇ ಇಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ.

ಇದು ಪರೀಕ್ಷೆಗಷ್ಟೇ ಸೀಮಿತವಾದ ವಿಷಯವಲ್ಲ. ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲಿ ಜನಸಂಖ್ಯೆಯ ಬೆಳವಣಿಗೆಗೆ ಕೊಟ್ಟ, ಎಸ್ ಆಕಾರದ ಲಾಜಿಸ್ಟಿಕ್ ಗ್ರಾಫಿನಲ್ಲಿ, ಗರಿಷ್ಠ ಮಿತಿಯ ಸರಿಯಾಗಿ ಅರ್ಧದಲ್ಲಿ ಇನ್‌ಫ್ಲೆಕ್ಷನ್ ಬರುತ್ತದೆ. ಅಲ್ಲಿಯವರೆಗೆ ಬೆಳವಣಿಗೆಯ ವೇಗ ಏರುತ್ತದೆ, ಅಲ್ಲಿಂದ ಇಳಿಯುತ್ತದೆ. ಸಂಖ್ಯೆ ಮಾತ್ರ ಆಮೇಲೂ ಜಾಸ್ತಿ ಆಗುತ್ತಲೇ ಇರುತ್ತದೆ. ಕೊರೋನಾ ಕಾಲದಲ್ಲಿ ದಿನದ ಹೊಸ ಕೇಸುಗಳು ಪೀಕ್ ಮುಟ್ಟಿವೆ ಅನ್ನುತ್ತಿದ್ದರಲ್ಲ, ಒಟ್ಟು ಕೇಸುಗಳ ಗ್ರಾಫಿನಲ್ಲಿ ಇನ್‌ಫ್ಲೆಕ್ಷನ್ ಕಾಣುವುದು ಅದೇ ದಿನದ ಆಸುಪಾಸಿನಲ್ಲಿ.